ಮಾವಿನ ಮರದ ಆನೆ

ಕೃಷ್ಣಮೂರ್ತಿಪುರಂನ ಚನ್ನಬಸವಯ್ಯ ಅಂಚೆ ಕಚೇರಿಯಲ್ಲಿ ಗುಮಾಸ್ತರು. ಭಾನುವಾರ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ಮರ ಕೆತ್ತುತ್ತಿದ್ದರು. ಯಾರೂ ಕಲಿಸಿದ್ದಲ್ಲ, ಯಾರೂ ಬೇಕೆಂದು ಕೇಳಿದ್ದೂ ಅಲ್ಲ. ಆನೆ, ಕರಡಿ, ಬಸವ, ಆಮೆ ಕೈಗೆ ಒಲಿದಿದ್ದವು. ಮನುಷ್ಯರ ಮುಖ ಮಾತ್ರ ಒಲಿಯಲಿಲ್ಲ. ಒಮ್ಮೆ ತೀರಿಹೋದ ತಂದೆಯನ್ನು ಕೆತ್ತಲು ಹೊರಟು, ಗೂಬೆಯಂಥದೊಂದು ಮೂಡಿದಾಗ ಆ ಆಸೆ ಬಿಟ್ಟಿದ್ದರು.

ಹೆಂಡತಿ ಸಿದ್ದಲಿಂಗಮ್ಮನವರಿಗೆ ಅದೆಲ್ಲ ಗುಡಿಸಬೇಕಾದ ಹೊಟ್ಟು.

"ಇದೇನ್ರೀ, ಆನೆನೋ ಹಂದಿನೋ?"

"ಸೊಂಡಿಲು ಕಾಣಲ್ವೇನೇ?"

"ಕಾಣತ್ತೆ. ಹಂದಿಗ್ಯಾಕೆ ಸೊಂಡಿಲು ಇಟ್ರಿ ಅಂತಲೇ ಕೇಳಿದ್ದು."

ಆಕೆಯ ಆಸ್ತಿ ಬೇರೆ ಇತ್ತು: ಒಂದು ಜೊತೆ ಪಟ್ಟದ ಗೊಂಬೆ. ಮೊಳದೆತ್ತರದ ಕೆಂಪು ರಾಜ, ರಾಣಿ. ಮದುವೆಯಲ್ಲಿ ತಾಯಿ ಕೊಟ್ಟದ್ದು. ನವರಾತ್ರಿಗೆ ಗೊಂಬೆ ನೋಡಲು ಬಂದವರಿಗೆಲ್ಲ ಆಕೆ ಹೇಳುತ್ತಿದ್ದರು: "ರಕ್ತಚಂದನ. ನಮ್ಮವ್ವ ನಜರ್‌ಬಾದಿನಲ್ಲಿ ಹೇಳಿ ಮಾಡಿಸಿದ್ದು. ನಿಮ್ಮನೆ ಥರ ಬಣ್ಣ ಬಳಿದದ್ದಲ್ಲ." ಮಗಳು ಮಧುಶ್ರೀಯ ಮದುವೆಯಾದ ವರ್ಷ, ನವರಾತ್ರಿಗೆ ಆ ಜೋಡಿ ಅವಳ ಮನೆ ಸೇರಬೇಕೆಂಬುದು ನಿಶ್ಚಯವಾಗಿತ್ತು.

ತೊಂಬತ್ತೇಳರ ಆಷಾಢದ ಗಾಳಿಗೆ ಪಕ್ಕದ ಮನೆಯ ಮಾವಿನ ಮರ ಉರುಳಿತು. ಕಡಿಯಲು ಬಂದ ಬಡಗಿ ಮಹದೇವಯ್ಯ ಒಂದು ದಪ್ಪ ಕೊಂಬೆಯನ್ನು ಚನ್ನಬಸವಯ್ಯನವರಿಗೆ ಕೊಟ್ಟ.

"ತೊಟ್ಟೀಲಿ ಮುಳುಗ್ಸಿ ಬುಡಿ ಸ್ವಾಮಿ. ಮೂರ್ ತಿಂಗ್ಳು ನೆನೀಲಿ, ಆಮೇಲೆ ನೆಳ್ಳಲ್ಲಿ ಒಣಗ್ಲಿ. ಮಾವು ಸಿಹಿ ಮರ, ಮರ ಕೊರ್ಯೋ ಕುಟ್ಟೆ ಹುಳಕ್ಕೆ ಅದಂದ್ರೆ ಪ್ರಾಣ."

ಆದರೆ ನೆನೆಸಿ ಒಣಗಿಸಿದ ಮರ ಬಿರುಸಾಗುತ್ತದೆ. ಹಸಿ ಮಾವು ಸೌತೆಕಾಯಿಯಂತೆ ಉಳಿಗೆ ಸಿಗುತ್ತದೆ. ದಸರಾ ಹತ್ತಿರವಿತ್ತು. ಚನ್ನಬಸವಯ್ಯ ಕಾಯಲಿಲ್ಲ. ಎರಡು ಆನೆ ಕೆತ್ತಿದರು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವರು ಇನ್ನೇನನ್ನೂ ಕೆತ್ತಿರಲಿಲ್ಲ. ಸಿದ್ದಲಿಂಗಮ್ಮ ತಿರುಗಿಸಿ ತಿರುಗಿಸಿ ನೋಡಿ, ಮೊದಲ ಬಾರಿಗೆ ಹಂದಿಯ ಮಾತೆತ್ತದೆ, ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿಯರ ಎರಡು ಪಕ್ಕ ನಿಲ್ಲಿಸಿದರು. ನವರಾತ್ರಿಯಿಡೀ ಚನ್ನಬಸವಯ್ಯ ಕಾರಣವಿಲ್ಲದೆ ಹಜಾರಕ್ಕೆ ಬಂದು ಹೋಗುತ್ತಿದ್ದರು.

ಹಬ್ಬ ಮುಗಿದು ಗೊಂಬೆಗಳನ್ನು ಹಳೆಯ ಸೀರೆಯಲ್ಲಿ ಸುತ್ತುವಾಗ ಆಕೆಯೇ ಕರೆದರು. "ಆನೆಗಳ್ನೂ ಪೆಟ್ಟಿಗೆಗೇ ಹಾಕ್ರೀ. ರಕ್ತಚಂದನದ ಪಕ್ಕ ಇದ್ರೆ ಯಾವ ಹುಳಾನೂ ಬರಲ್ಲ."

ಅವರು ಹಾಕಿದರು. ಆ ಪೆಟ್ಟಿಗೆಯ ಮುಚ್ಚಳ ಮುಂದಿನ ದಸರಾದವರೆಗೆ ತೆಗೆಯುವುದಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಮಧುಶ್ರೀಯ ಮದುವೆಯಾಯಿತು. ನವರಾತ್ರಿಗೆ ಹದಿನೈದು ದಿನವಿರುವಾಗ, ಆನೆಗಳಿಗೆ ಎಣ್ಣೆ ಸವರೋಣವೆಂದು ಚನ್ನಬಸವಯ್ಯ ಪೆಟ್ಟಿಗೆ ತೆರೆದರು. ಸಿದ್ದಲಿಂಗಮ್ಮ ತರಕಾರಿಗೆ ಹೋಗಿದ್ದರು. ಪೆಟ್ಟಿಗೆಯ ತಳದಲ್ಲಿ ಅಕ್ಕಿಹಿಟ್ಟಿನಂಥ ಪುಡಿ. ಆನೆಯನ್ನೆತ್ತಿದರೆ ಕಿವಿ ಕೈಯಲ್ಲೇ ಉಳಿಯಿತು. ಸೀರೆ ಬಿಚ್ಚಿ ರಾಜನನ್ನು ತೆಗೆದರು. ಮೈತುಂಬ ಸೂಜಿ ಚುಚ್ಚಿದಂಥ ತೂತು, ತೂಕವೇ ಇರಲಿಲ್ಲ. ಸೊಂಟದ ಹತ್ತಿರ ಕೆಂಪು ಸಿಪ್ಪೆ ಎದ್ದಿತ್ತು, ಒಳಗೆ ಬಿಳೀ ಮರ. ರಕ್ತಚಂದನ ಒಳಗೂ ಕೆಂಪಗಿರುತ್ತದೆ, ಅದನ್ನು ಕುಟ್ಟೆ ಮುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ರಾಣಿಯ ಪಾದದಲ್ಲೂ ನಾಲ್ಕು ತೂತು.

ಗುಟ್ಟಾಗಿ ಸೀಮೆಎಣ್ಣೆ ಸವರಿದರು. ತೂತುಗಳಿಗೆ ಸಿರಿಂಜಿನಿಂದ ಔಷಧಿ ಬಿಟ್ಟರು. ಪುಡಿ ಉದುರುತ್ತಲೇ ಇತ್ತು. ರಾಜನನ್ನು ಚೀಲದಲ್ಲಿಟ್ಟುಕೊಂಡು ಮಹದೇವಯ್ಯನ ಬಳಿ ಹೋದರು. ಅವನು ಉಗುರಿನಿಂದ ತಟ್ಟಿ ಕಿವಿಗೊಟ್ಟ.

"ಒಳ್ಗೆ ಏನೂ ಇಲ್ಲ ಸ್ವಾಮಿ. ಬಣ್ಣಾನೇ ನಿಂತಿರೋದು."

"ಹೊಸದು ಮಾಡ್ಕೊಡ್ತೀಯಾ?"

"ನಾನು ಬಾಗ್ಲು ಕಿಟ್ಕಿ ಮಾಡೋನು. ನೀವೇ ಕೆತ್ತಿ."

ಕೆತ್ತಿದರು, ಒಣಗಿದ ತೇಗದಲ್ಲಿ. ಪೇಟ, ನಿಲುವಂಗಿ ಎಲ್ಲ ಸರಿಯಾಗಿ ಬಂತು. ಮುಖದ ಜಾಗದಲ್ಲಿ ಕರಡಿ ಬಂತು. ಎರಡನೆಯದೂ ಕರಡಿಯೇ. ಮೂರನೆಯದಕ್ಕೆ ಮುಖವನ್ನೇ ಕೆತ್ತದೆ ಬಿಟ್ಟು ಎರಡು ದಿನ ನೋಡುತ್ತ ಕೂತರು. ಹಳೆಯ ರಾಜ ಸೀರೆಯೊಳಗೆ ಪೆಟ್ಟಿಗೆಗೇ ಮರಳಿದ.

ಅಮಾವಾಸ್ಯೆಯ ದಿನ ಸಿದ್ದಲಿಂಗಮ್ಮ ಪೆಟ್ಟಿಗೆ ತೆರೆದರು. ರಾಜನನ್ನು ಎರಡೂ ಕೈಯಲ್ಲಿ ಎತ್ತಿದರು. ಅವನು ಸೊಂಟದಲ್ಲಿ ಮುರಿದು ಸೀರೆಯ ಮೇಲೆ ಪುಡಿಯಾದ. ಆಕೆ ಅಳಲಿಲ್ಲ. ತುಂಡನ್ನು ಮೂಸಿದರು, ಆಮೇಲೆ ಕಿವಿಯಿಲ್ಲದ ಆನೆಯನ್ನು ನೋಡಿದರು.

"ರಕ್ತಚಂದನಾನೇ ತಿಂದ್ಬಿಡ್ತಲ್ರೀ! ಎಂಥಾ ಹುಳ ತಂದು ಸಾಕಿದ್ರಿ ನೀವು!"

ತುಂಡಿನ ಒಳಮೈ ಬೆಳ್ಳಗೆ ಆಕೆಯ ಅಂಗೈಯಲ್ಲೇ ಇತ್ತು. ಚನ್ನಬಸವಯ್ಯ ಬಾಯಿ ತೆರೆದರು. ನಿಮ್ಮವ್ವನಿಗೆ ಯಾರೋ ಮೋಸ ಮಾಡಿದ್ದಾರೆ ಎನ್ನಬೇಕಿತ್ತು, ಇಲ್ಲವೇ ನಿಮ್ಮವ್ವನೇ ಸುಳ್ಳು ಹೇಳಿದ್ದಾರೆ ಎನ್ನಬೇಕಿತ್ತು. ಎರಡರಲ್ಲಿ ಯಾವುದನ್ನು ಹೇಳಿದರೂ ಆನೆಗಳೇನೂ ನಿರಪರಾಧಿಗಳಾಗುತ್ತಿರಲಿಲ್ಲ.

"ನೆನೆಸ್ಬೇಕಿತ್ತು," ಎಂದರು.

ಹಿತ್ತಲಲ್ಲಿದ್ದ ಮರದ ಪ್ರಾಣಿಗಳೆಲ್ಲ ಬಚ್ಚಲ ಒಲೆಗೆ ಹೋದವು. ಹಾಕಿದವರು ಚನ್ನಬಸವಯ್ಯನವರೇ. ರಾಣಿ ಉಳಿದಿದ್ದಳು, ಆದರೆ ರಾಜನಿಲ್ಲದ ರಾಣಿಯನ್ನು ಹೊಸ ಮುತ್ತೈದೆಯ ಮಡಿಲಿಗೆ ಯಾರು ಹಾಕುತ್ತಾರೆ? ಮಧುಶ್ರೀ ಅಂಗಡಿಯಿಂದ ಒಂದು ಜೊತೆ ಕೊಂಡುಕೊಂಡಳು.

"ಅಪ್ಪಾಜಿ, ರಕ್ತಚಂದನಕ್ಕೂ ಕುಟ್ಟೆ ಹಿಡಿಯತ್ತಾ?" ಎಂದು ಅವಳು ಕೇಳಿದಾಗ ಸಿದ್ದಲಿಂಗಮ್ಮ ಅಲ್ಲೇ ಹೂ ಕಟ್ಟುತ್ತಿದ್ದರು. ಆಕೆಯ ಬೆರಳು ನಿಂತಿತು.

"ಹಿಡಿಯತ್ತೆ ಕಣಮ್ಮ. ಹಸಿ ಮಾವು ಪಕ್ಕದಲ್ಲಿದ್ರೆ ಯಾವುದಕ್ಕಾದ್ರೂ ಹಿಡಿಯತ್ತೆ."

ಬೆರಳು ಮತ್ತೆ ಆಡಿತು.

ಆಮೇಲಿನ ಪ್ರತಿ ನವರಾತ್ರಿಯಲ್ಲೂ ಗೊಂಬೆ ನೋಡಲು ಬಂದವರು ಆ ಕಥೆ ಕೇಳುತ್ತಾರೆ. "ಅಪ್ಪಟ ರಕ್ತಚಂದನ ಕಣ್ರೀ. ಇವರ ಆನೆ ತಿಂದ್ಬಿಡ್ತು." ಬಂದವರು ನಕ್ಕು ಚನ್ನಬಸವಯ್ಯನವರ ಕಡೆ ತಿರುಗುತ್ತಾರೆ. ಅವರು ಚಕ್ಕುಲಿಯ ತಟ್ಟೆಯನ್ನು ಮುಂದಿನ ಮಗುವಿನ ಕಡೆ ಹಿಡಿಯುತ್ತಾರೆ.