ಗಿಡ್ಡಬಾಯಿ ಅಲಿಯೋವ್

ಸೊಮಾಲಿಯಾವನ್ನು ಮತ್ತೆ ಕಟ್ಟುತ್ತೇವೆಂದು ನಮ್ಮ ಬೈದೋವಾ ಊರಿಗೆ ಬಂದಿಳಿದ ಪರದೇಶದ ಸಾಹೇಬರ ದುಭಾಷಿ, ನಮ್ಮ ನಾಡಿನವನೇ ಆದ ಅಲಿಯೋವ್‌ಗೆ ನಾವಿಟ್ಟ ಹೆಸರು ಗಿಡ್ಡಬಾಯಿ. ಹಿರಿಯರು ಜಾಲಿಮರದಡಿ ಕೂತು ಯುದ್ಧ, ಬರ, ಸತ್ತ ಒಂಟೆಗಳ ಕಥೆಯನ್ನೆಲ್ಲ ಹಾಡಿನಂತೆ ಹೇಳಿ ಗಂಟಲು ಒಣಗಿಸಿಕೊಂಡರೆ, ಇವನು ಕಪ್ಪು ಕನ್ನಡಕ ಮೇಲೇರಿಸಿ ಇಂಗ್ಲಿಷಿನಲ್ಲಿ "ನೀರು ಬೇಕಂತೆ" ಎಂದು ಮುಗಿಸುತ್ತಾನೆ. "ಅಷ್ಟೇನಾ?" ಎಂದು ಸಾಹೇಬರು ಹುಬ್ಬೇರಿಸಿದರೆ, "ಉಳಿದದ್ದು ಒಂಟೆ ವಿಷಯ" ಅನ್ನುತ್ತಾನೆ. ಸಾಹೇಬರು "ನಿಮ್ಮ ಸಾಮರ್ಥ್ಯವನ್ನು ಕಟ್ಟುತ್ತೇವೆ" ಎಂದು ಭಾಷಣ ಬಿಗಿದಾಗ ಇವನು ನಮಗೆ ಹೇಳಿದ್ದು, "ಏನೋ ಕಟ್ತಾರಂತೆ." ಹಿರಿಯರು, "ಕಟ್ಲಿ ಬಿಡಪ್ಪಾ, ಬಾಗಿಲು ಮಾತ್ರ ಬಾವಿ ಕಡೆ ಇಡೋಕೆ ಹೇಳು" ಅಂದರು. ಆ ಬಾಗಿಲಿಗೆ ನಾವಿನ್ನೂ ಕಾಯುತ್ತಿದ್ದೇವೆ. ಇವನಿಗೆ ಸಿಹಿ ಚಹಾ ಎರಡೂ ಕಡೆಯಿಂದ, ಬೈಗುಳವೂ ಹಾಗೇ. ಮೊನ್ನೆ ಸಾಹೇಬರು ಡೇರೆಯ ಮುಂದೆ ಕೂತಿದ್ದ ಮುದುಕಿ ಹಬೀಬೋಳನ್ನು ಬರಗಾಲದ ಬಗ್ಗೆ ಕೇಳಿದರು. "ಮಗಳು ಹಸಿದು ಸತ್ಲು" ಎಂದಷ್ಟೇ ಅವಳು ಅಂದಳು. ಗಿಡ್ಡಬಾಯಿ ಇಂಗ್ಲಿಷಿನಲ್ಲಿ ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಕನ್ನಡಕ ತೆಗೆದು ಮಾತಾಡಿದ, ಮತ್ತೂ ಮಾತಾಡಿದ, ಸಾಹೇಬರ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಮುದುಕಿ ಗದರಿದಳು: "ಲೋ, ನಾನಂದಿದ್ದು ಒಂದೇ ಮಾತು. ಅಷ್ಟುದ್ದ ಏನೋ ಹೇಳ್ದೆ?" "ನಿನ್ನ ಮಾತು ಮೊದಲೇ ಮುಗೀತಮ್ಮಾ," ಅಂದ ಗಿಡ್ಡಬಾಯಿ, "ಆಮೇಲಿಂದು ನನ್ನ ಮಗಳದ್ದು."