ಮಾವನ ಹೆಸರಿನ ತಂಬಿಗೆ

ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ ಅಟ್ಟದ ಮೇಲಿರುವ ಹಿತ್ತಾಳೆ ತಾಮ್ರವನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಬೇಕು. ಯಾಕೆ ಎಂದು ಕೇಳಬೇಡಿ. ವರ್ಷವಿಡೀ ಯಾರೂ ಮುಟ್ಟದ ಪಾತ್ರೆಗಳನ್ನು ಒಂದು ದಿನ ಹೊಳೆಸಿ ಮತ್ತೆ ಅಟ್ಟಕ್ಕೇ ಏರಿಸುವುದು, ಅಷ್ಟೇ. ಯಳಂದೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೂತು ಈ ಸಲವೂ ಅದನ್ನೇ ಮಾಡುತ್ತಿದ್ದೆ. ಒಂದು ತಂಬಿಗೆಯ ಕಂಠ ಉಜ್ಜುವಾಗ ಹೆಬ್ಬೆರಳಿಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಸಿಕ್ಕಿದವು. ಓದಬೇಕಾಗಿರಲಿಲ್ಲ. ಹನೂರಿನ ನನ್ನ ಸೋದರಮಾವನ ಹೆಸರು ಅದು. ಹುಣಸೆಯ ಹುಳಿ ಮೂಗಿಗೇರಿತೋ ಹಳೆಯ ಸಿಟ್ಟು ನೆತ್ತಿಗೇರಿತೋ, ತಂಬಿಗೆಯನ್ನು ಒಗೆಯುವ ಕಲ್ಲಿನ ಮೇಲೆ ಕುಕ್ಕಿದೆ. ಗಟ್ಟಿ ತಂಬಿಗೆ, ಅದಕ್ಕೇನೂ ಆಗಲಿಲ್ಲ.

ಈ ತಂಬಿಗೆ ನನಗೆ ದೀಪಾವಳಿಗೆ ಬಂದ ಉಡುಗೊರೆ. ನನ್ನ ತವರಿನ ಕೊಳ್ಳೇಗಾಲ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನಾಗ ಮೂರನೇ ಕ್ಲಾಸು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಬೊಚ್ಚುಬಾಯಿಯ ಹುಡುಗಿಗೆ ಹಬ್ಬದ ರಜೆಯಲ್ಲಿ ಹಿತ್ತಾಳೆ ತಂಬಿಗೆ ಕೊಡುವವರಿಗೆ ಏನನ್ನಬೇಕು, ನೀವೇ ಹೇಳಿ. ಆಟ ಆಡಲು ಬರುತ್ತದೆಯೇ? ತಿನ್ನಲು ಬರುತ್ತದೆಯೇ? ನೀರು ಕುಡಿಯೋಣವೆಂದರೆ ಅದಕ್ಕೂ ಬಿಡುತ್ತಿರಲಿಲ್ಲ, ಹಲ್ಲು ತಾಗಿ ನೆಗ್ಗಿಬಿಡುತ್ತದಂತೆ.

ನನಗೆ ಬೇಕಾಗಿದ್ದುದು ಬೇರೆ. ಧನಗೆರೆಯ ನಮ್ಮ ತವರುಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ನಡುಮನೆಯೆಲ್ಲ ಹುಳಗಳ ತಟ್ಟೆ, ನಾವು ಮಲಗುತ್ತಿದ್ದುದು ಮೂಲೆಯಲ್ಲಿ. ಹುಳಗಳು ಸೊಪ್ಪು ಮೇಯುವ ಸದ್ದು ಮಳೆ ಹನಿಯುವ ಹಾಗೆ ಕೇಳುತ್ತಿತ್ತು. ಒಮ್ಮೆ ರೇಷ್ಮೆ ಇನ್‌ಸ್ಪೆಕ್ಟರು ಬಂದರು. ಹುಳ ಗೂಡು ಕಟ್ಟುವ ಚಾಪೆಯಿಂದ ಒಂದು ಗೂಡು ಬಿಡಿಸಿಕೊಂಡು, ಜೇಬಿನಿಂದ ಬ್ಯಾಟರಿ ತೆಗೆದು ಅದರ ಗಾಜಿನ ಮೇಲೆ ಗೂಡನ್ನಿಟ್ಟು ಬೆಳಕು ಬಿಟ್ಟರು. ಟಾರ್ಚ್ ಎನ್ನುವುದು ಆಮೇಲೆ ಕಲಿತ ಮಾತು, ನಮಗೆಲ್ಲ ಅದು ಬ್ಯಾಟರಿಯೇ. ಗೂಡು ಹಳದಿಯಾಗಿ ಉರಿಯಿತು. ಒಳಗೆ ಕಪ್ಪಗೆ ಮಲಗಿದ್ದದ್ದು ಮೆಲ್ಲಗೆ ಮಗ್ಗುಲು ಬದಲಿಸಿತು.

"ನೋಡ್ದಾ ಕೂಸು, ಒಳ್ಗೆ ಜೀವ ಅದೆ," ಎಂದು ಹೇಳಿ ಅವರು ಬ್ಯಾಟರಿ ಜೇಬಿಗೆ ಹಾಕಿಕೊಂಡು ಹೊರಟರು.

ನಾನು ನೋಡಿ ಮುಗಿಸಿರಲಿಲ್ಲ. ನಮ್ಮ ಮನೆಯಲ್ಲೇ ಸಾವಿರ ಗೂಡು ಇರಬಹುದು, ಎಲ್ಲದರೊಳಗೂ ಒಬ್ಬೊಬ್ಬರು ಮಲಗಿದ್ದಾರೆ, ನನಗೆ ಕಾಣುತ್ತಿಲ್ಲ. ಬಿಸಿಲಿಗೆ ಹಿಡಿದು ನೋಡಿದೆ, ಸೀಮೆಎಣ್ಣೆ ಬುಡ್ಡಿಗೆ ಹಿಡಿದು ನೋಡಲು ಹೋಗಿ ಎರಡು ಗೂಡು ಸುಟ್ಟು ಅವ್ವನ ಕೈಲಿ ಬೆನ್ನಿಗೆ ಬಾರಿಸಿಕೊಂಡೆ. ಅಂದಿನಿಂದ ನನಗೆ ಒಂದೇ ಜಪ, ಬ್ಯಾಟರಿ.

ಮಾವ ವರ್ಷವೂ ದೀಪಾವಳಿಗೆ ಹನೂರಿನಿಂದ ಬರುತ್ತಿದ್ದ. ಅವನ ಮೇಲೆ ನನಗೆ ಪ್ರಾಣ. ಸಿಟ್ಟು ಮಾಡಿಕೊಂಡಿದ್ದೇನೆಂದು ಅವನನ್ನು ಕೆಟ್ಟವನೆಂದುಕೊಳ್ಳಬೇಡಿ. ಕೆಟ್ಟವನಾಗಿದ್ದರೆ ಇಷ್ಟು ಸಿಟ್ಟೇ ಬರುತ್ತಿರಲಿಲ್ಲ. ಆ ವರ್ಷ ಬಂದವನು ನನ್ನನ್ನೂ ತಮ್ಮನನ್ನೂ ಮುಂದೆ ನಿಲ್ಲಿಸಿಕೊಂಡು, "ಈ ಸಲ ಕೊಳ್ಳೇಗಾಲಕ್ಕೆ ಕರ್ಕಂಡೋಯ್ತೀನಿ. ಯಾನ್ ಬೇಕೋ ನೀವೇ ಆರುಸ್ಕಳಿ," ಎಂದ.

"ಯಾನ್ ಬೇಕಾದ್ರೂವಾ?" ಎಂದು ಕೇಳಿದೆ.

"ಯಾನ್ ಬೇಕಾದ್ರೂವೆ ಕಣ್ ಕೂಸೇ."

ಆ ದಿನ ಬಸ್ಸಿನಲ್ಲಿ ನಾನು ಕೂತಿದ್ದೆನೋ ಹಾರುತ್ತಿದ್ದೆನೋ ಗೊತ್ತಿಲ್ಲ. ಲಂಗದ ಮಡಿಲಲ್ಲಿ ಒಂದು ಗೂಡನ್ನು ಬಚ್ಚಿಟ್ಟುಕೊಂಡಿದ್ದೆ. ಅಂಗಡಿಯಲ್ಲೇ ಇಟ್ಟು ನೋಡಿ, ಬೆಳಕು ಸಾಲುತ್ತದೆಯೇ ಎಂದು ಪರೀಕ್ಷೆ ಮಾಡಿ ಕೊಳ್ಳುವ ಲೆಕ್ಕಾಚಾರ. ದೊಡ್ಡವರು ಮಡಕೆಯನ್ನು ಬೆರಳಲ್ಲಿ ಬಡಿದು ನೋಡುವುದಿಲ್ಲವೆ, ಹಾಗೆ.

ಮಾವ ಮೊದಲು ಹೊಕ್ಕಿದ್ದು ಪಾತ್ರೆ ಅಂಗಡಿ. ಅವನಿಗೇನೋ ಬೇಕಿರಬೇಕು ಎಂದುಕೊಂಡು ಸುಮ್ಮನಿದ್ದೆ. ಅಂಗಡಿಯವನು ಎರಡು ತಂಬಿಗೆಗಳನ್ನು ಇಳಿಸಿ ನನ್ನ ಮುಂದಿಟ್ಟ.

"ಆರುಸ್ಕ ಕೂಸೇ," ಎಂದ ಮಾವ. "ದುಂಡುಂದು ಬೇಕಾ, ಉದ್ದುಂದು ಬೇಕಾ?"

"ನಂಗೆ ಬ್ಯಾಟ್ರಿ ಬೇಕು."

ಮಾವ ನಕ್ಕ. ಅಂಗಡಿಯವನೂ ನಕ್ಕ. ತಂಬಿಗೆ ಕೊಳ್ಳಲು ಬಂದಿದ್ದ ಗುರುತಿಲ್ಲದ ಹೆಂಗಸೊಬ್ಬಳು, ಅವಳಿಗೇನು ಸಂಬಂಧವೋ, ಅವಳೂ ನಕ್ಕಳು. "ಎಣ್ಣೈಕ್ಳು ಬ್ಯಾಟ್ರಿ ಇಡ್ಕಂಡು ಎತ್ಲಗೋಗ್ಬೇಕವ್ವ?" ಎಂದ ಮಾವ. "ಇದು ನಾಳೆ ನಿನ್ ಮದ್ವೆಗಾಯ್ತದೆ."

ದುಂಡಗಿನ ತಂಬಿಗೆಯನ್ನು ಅವನೇ ಆರಿಸಿದ. ಅಂಗಡಿಯ ಜಗುಲಿಯಲ್ಲಿ ಸಣ್ಣ ಉಳಿ, ಸುತ್ತಿಗೆ ಇಟ್ಟುಕೊಂಡು ಹೆಸರು ಕೊರೆಯುವವನು ಕೂತಿದ್ದ. ತಂಬಿಗೆಯನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು, "ಕೊಟ್ಟೋರ್ ಎಸ್ರು ಏಳಿ," ಎಂದ. ಮಾವ ತನ್ನ ಹೆಸರು ಹೇಳಿದ.

"ನನ್ ಎಸ್ರು ಕೊರಿಯಲ್ವಾ?" ಎಂದೆ. ಅಷ್ಟಾದರೂ ಸಿಗಲಿ ಎಂದು.

"ಕೊಟ್ಟೋರ್ ಎಸ್ರೇ ಕೊರಿಯಾದು ಕಣವ್ವ," ಎಂದ ಅವನು, ತಲೆ ಎತ್ತದೆ. "ಮದ್ವೆ ದಿನ ಸಾಲಾಗ್ ಮಡುಗ್ದಾಗ ನಾಕ್ ಜನ ಓದ್ಬೇಕಲ್ಲ."

ಆಮೇಲೆ ಮಾವ ಪಕ್ಕದ ಅಂಗಡಿಗೆ ಹೋಗಿ ತಮ್ಮನಿಗೆ ಬ್ಯಾಟರಿ ಕೊಡಿಸಿದ. ಹೌದು, ಬ್ಯಾಟರಿಯನ್ನೇ. ತಮ್ಮ ಮೊದಲು ಕೇಳಿದ್ದು ಬುಗುರಿ. ಅಕ್ಕನ ಬಾಯಲ್ಲಿ ಕೇಳಿಸಿಕೊಂಡ ಮೇಲೆ ಅವನಿಗೂ ಬ್ಯಾಟರಿಯೇ ಬೇಕಾಯಿತು, ಮಾವನಿಗೂ ಗಂಡುಹುಡುಗನಿಗೆ ಅದು ಒಪ್ಪುತ್ತದೆ ಅನಿಸಿತು. ನನ್ನ ಮಡಿಲಲ್ಲಿದ್ದ ಗೂಡು ಬಸ್ಸಿನ ನೂಕುನುಗ್ಗಲಿನಲ್ಲಿ ಅಪ್ಪಚ್ಚಿಯಾಗಿ ಲಂಗಕ್ಕೆ ಕಲೆಯಾಯಿತು. ಅದಕ್ಕೂ ಅವ್ವನ ಕೈಲಿ ಬೈಸಿಕೊಂಡೆ.

ತಮ್ಮ ಆ ಬ್ಯಾಟರಿಯಲ್ಲಿ ಏನು ಮಾಡಿದ ಅಂತೀರಿ? ನಾಯಿಯ ಕಣ್ಣಿಗೆ ಬಿಟ್ಟ, ಎಮ್ಮೆಯ ಕಣ್ಣಿಗೆ ಬಿಟ್ಟ, ಹಗಲು ಹೊತ್ತಿನಲ್ಲಿ ಸೂರ್ಯನಿಗೇ ಬಿಟ್ಟ. ಒಂದೇ ಒಂದು ಸಲ ಕೊಡೋ ಎಂದು ಗೋಗರೆದೆ. "ಎಣ್ಣೈಕ್ಳಿಗ್ಯಾಕೆ ಬ್ಯಾಟ್ರಿ? ನಿನ್ ತಂಬ್ಗೆ ಇಡ್ಕೋಗು," ಎಂದ, ಮಾವನ ಧ್ವನಿಯಲ್ಲೇ. ಏಳು ವರ್ಷದ ಪೋರ, ಮಾತು ಮಾತ್ರ ಎಷ್ಟು ಬೇಗ ಕಲಿತುಬಿಟ್ಟಿದ್ದ! ಹಬ್ಬ ಮುಗಿಯುವುದರೊಳಗೆ ಶೆಲ್ಲು ಸತ್ತವು, ಬ್ಯಾಟರಿ ತಿಪ್ಪೆ ಸೇರಿತು.

ಮುಂದಿನ ವರ್ಷ ತಪ್ಪಲೆ. ಅದರ ಮುಂದಿನ ವರ್ಷ ಕೊಡ. ಎಲ್ಲದರ ಮೇಲೂ ಮಾವನ ಹೆಸರು. ನನ್ನ ಹಬ್ಬಗಳೆಲ್ಲ ಹೀಗೆ ಒಂದೊಂದಾಗಿ ಅಟ್ಟ ಹತ್ತಿದವು. ಮದುವೆಯ ದಿನ ಅವನ್ನೆಲ್ಲ ಇಳಿಸಿ ಚಪ್ಪರದಲ್ಲಿ ಸಾಲಾಗಿಟ್ಟರು, ನಾಕು ಜನ ಬಗ್ಗಿ ಬಗ್ಗಿ ಓದಿದರು, ಮಾವನನ್ನು ಹೊಗಳಿದರು. ನಮ್ಮತ್ತೆಯೂ ಓದಿ, ತೂಗಿ ನೋಡಿ, ಯಳಂದೂರಿನ ಅಟ್ಟಕ್ಕೆ ಏರಿಸಿದರು. ಒಂದು ಅಟ್ಟದಿಂದ ಇನ್ನೊಂದು ಅಟ್ಟಕ್ಕೆ ಸಾಗಿಸಲು ನಾನೊಬ್ಬಳು ನಡುವೆ ಬೇಕಾಗಿದ್ದೆ. ಆ ತಂಬಿಗೆಯಲ್ಲಿ ಇವತ್ತಿನವರೆಗೆ ನಾನು ನೀರು ಕುಡಿದಿಲ್ಲ.

ಇಷ್ಟೆಲ್ಲ ಹಿತ್ತಲಲ್ಲಿ ಕೂತು ನೆನೆಯುತ್ತಿದ್ದಾಗಲೇ ಮುಂದಿನ ಬಾಗಿಲಲ್ಲಿ ಮಾವನ ಕೆಮ್ಮು ಕೇಳಿಸಿತು. ಈಗ ತಲೆ ಬೆಳ್ಳಗಾಗಿದೆ, ಆದರೂ ದೀಪಾವಳಿಗೆ ಬಸ್ಸು ಬದಲಿಸಿಕೊಂಡು ಬರುವುದು ತಪ್ಪಿಸಿಲ್ಲ. ನಾನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮೂರನೇ ಕ್ಲಾಸಿನ ನನ್ನ ಮಗಳ ಕೈಗೆ ಕಾಗದ ಸುತ್ತಿದ ಪೊಟ್ಟಣ ಕೊಟ್ಟಾಗಿತ್ತು. ಅವಳು ಬಿಚ್ಚಿದಳು. ಎವರ್‌ಸಿಲ್ವರ್ ತಂಬಿಗೆ. ಕಾಲ ಬದಲಾಗಿದೆ, ನೋಡಿ. ಮಗಳು ಅದರೊಳಗೆ ಇಣುಕಿದಳು, ಕೈ ಹಾಕಿದಳು, ಬೋರಲು ಹಾಕಿ ಅಲ್ಲಾಡಿಸಿದಳು.

"ಒಳ್ಗೆ ಯಾನೂ ಇಲ್ಲ," ಎಂದಳು.

ಮಾವ ಅದೇ ನಗೆ ನಕ್ಕ. "ನಾಳೆ ನಿನ್ ಮದ್ವೆಗಾಯ್ತದೆ ಕಣವ್ವ."

ನನ್ನ ಮೈಯೆಲ್ಲ ಉರಿದುಹೋಯಿತು. "ಮಾವ, ಕೂಸ್ಗಿನ್ನೂ ಎಂಟು ವರ್ಸ," ಎಂದೆ. "ಹಬ್ಬ ಈಗ ಅದೆ. ಮದ್ವೆ ಯಾವಾಗ್ಲೋ. ನಂಗೂ ಇಂಗೇ ಮಾಡ್ದೆ. ನೀನ್ ಕೊಟ್ಟಿದ್ದು ಒಂದಾದ್ರೂ ನಂಗಾ? ಯಾರೋ ಗುರ್ತಿಲ್ದೋರ್ ಮನೆ ಅಟ್ಟಕ್ಕೆ ಕೊಟ್ಟೆ."

ಮಾವ ಮಗಳ ಕೈಯಿಂದ ತಂಬಿಗೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡ. ಆಮೇಲೆ ಹೇಳಿದ: "ನಿಮ್ಮವ್ವನ್ ಮದ್ವೇಲಿ ಒಂದ್ ಲೋಟನೂ ಕೊಡಕಾಗ್ನಿಲ್ಲ ಕಣ್ ಕೂಸೇ, ನಮ್ಮಪ್ಪ ತೀರ್ಕಂಡಿದ್ರು. ಬರಿಗೈಲಿ ಬಂದೋಳು ಅಂತ ಧನಗೆರೇಲಿ ನಿಮ್ಮಜ್ಜಿ ಸಾಯೋಗಂಟ ಆಡ್ಕಂಡ್ಳು. ನಿನ್ನ ಯಾರೂ ಅಂಗನ್ಬಾರ್ದು ಅಂತ ತಂದೆ."

ಇದು ನನಗೆ ಗೊತ್ತಿರಲಿಲ್ಲ; ಅಜ್ಜಿ ಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅವ್ವ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಿತು ಅಂದುಕೊಂಡಿರಾ? ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಯಾರದೋ ಬಾಯಿ ಮುಚ್ಚಿಸಲು ಮೂರನೇ ಕ್ಲಾಸಿನ ಹುಡುಗಿಯ ಹಬ್ಬವೇ ಆಗಬೇಕೇ? ಆದರೆ ಆ ಸಿಟ್ಟು ಮಾವನನ್ನು ದಾಟಿ ಎಲ್ಲೋ ಮುಂದಕ್ಕೆ ಹೋಯಿತು. "ಏಳು ಮಾವ, ಅಂಗಡಿಗೋಗವ," ಎಂದೆ.

ಮಗಳು ಬೀದಿಯ ಎಲ್ಲ ಅಂಗಡಿ ಸುತ್ತಿಸಿ, ನಮ್ಮಿಬ್ಬರ ಕಾಲು ಸೋಲಿಸಿ, ಕೊನೆಗೆ ಒಂದು ಬುಗುರಿ ಆರಿಸಿದಳು. ಬ್ಯಾಟರಿ ಬೇಡವೇ ಎಂದು ಕೇಳಬೇಕೆಂದು ನಾಲಿಗೆ ತುರಿಸಿತು, ಕಚ್ಚಿಕೊಂಡೆ. ಅವಳ ಹಬ್ಬ ಅವಳದು. ಅದೇ ಅಂಗಡಿಯಲ್ಲಿ ನಾನೊಂದು ಬ್ಯಾಟರಿ ತೆಗೆದುಕೊಂಡೆ, ಹಿತ್ತಾಳೆ ಮೈಯದು. ಪಾತ್ರೆ ಅಂಗಡಿಯ ಮುಂದೆ ಹೆಸರು ಕೊರೆಯುವವನಿದ್ದ. ಬ್ಯಾಟರಿಯನ್ನು ಅವನ ಮುಂದಿಟ್ಟೆ. ಅವನು ತಿರುಗಿಸಿ ಮುರುಗಿಸಿ ನೋಡಿದ.

"ಕೊಟ್ಟೋರ್ ಎಸ್ರು ಏಳಿ."

ಅಭ್ಯಾಸಬಲ, ಮಾವ ಬಾಯಿ ತೆರೆದ. ನಾನು ಅಡ್ಡ ಬಂದು ನನ್ನ ಹೆಸರು ಹೇಳಿದೆ.

"ಯಾರ್ಗಮ್ಮ ಇದು, ಕೊಡಾದು?"

"ಅವ್ರ ಎಸ್ರೂ ಅದೇಯ. ನೀ ಕೊರಿಯಪ್ಪ."

ಅವನು ಕೊರೆದು ಮುಗಿಸುವವರೆಗೆ ಮಾವ ಆ ಅಕ್ಷರಗಳನ್ನೇ ನೋಡುತ್ತಿದ್ದ. ದಾರಿಯಲ್ಲಿ ಮೆಲ್ಲಗೆ, "ಶೆಲ್ಲ ನಾನ್ ಆಕುಸ್ಲಾ ಕೂಸೇ?" ಎಂದು ಕೇಳಿದ.

"ಆಕುಸು," ಎಂದೆ. "ಅದ್ರ ಮ್ಯಾಲೆ ಎಸ್ರು ಕೊರಿಸ್ಬ್ಯಾಡ."

ಪಕ್ಕದ ಮನೆಯವರು ಹುಳ ಸಾಕುತ್ತಾರೆ. ಒಂದು ಗೂಡು ಕೇಳಿ ಇಸಿದುಕೊಂಡು ಬಂದೆ. ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಕೂತು ಬ್ಯಾಟರಿಯ ಗಾಜಿನ ಮೇಲೆ ಅದನ್ನಿಟ್ಟು ಗುಂಡಿ ಒತ್ತಿದೆ. ಹಳದಿ ಬೆಳಕು ತುಂಬಿತು. ಒಳಗಿದ್ದದ್ದು ಮೆಲ್ಲಗೆ ಮಗ್ಗುಲು ಬದಲಿಸಿತು. ಮಗಳು ಬುಗುರಿ ಬಿಟ್ಟು ಓಡಿಬಂದು ನನ್ನ ತೋಳಿನಡಿ ತಲೆ ತೂರಿಸಿ, "ನಂಗ್ ಕೊಡವ್ವ, ನಾನ್ ನೋಡ್ತೀನಿ," ಎಂದಳು.

"ಇರು ಮಗ," ಎಂದೆ. "ನಾನಿನ್ನೂ ನೋಡಿಲ್ಲ."