ಲೈಬ್ರರಿ ಸರ್ ಮತ್ತು ಕಾಕಾನ ಕುರಿಗಳು

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹೊಡೆದೆ. ಶೇಂಗಾ ಹುರಿದು ಚಟ್ನಿಹಿಂಡಿ ಕುಟ್ಟಿದೆ. ನಲ್ಲಿ ಬಂತು, ಕೊಡ ತುಂಬಿದೆ. ಎರಡು ಕೌದಿ ಒಗೆದು ಹಾಕಿದೆ. ಮಧ್ಯಾಹ್ನ ಟ್ರಂಕಿನ ಸೀರೆಗಳಿಗೆ ಬಿಸಿಲು ತೋರಿಸೋಣವೆಂದು ಮುಚ್ಚಳ ತೆಗೆದರೆ ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಲೈಬ್ರರಿ ಸರ್ ನೆನಪಾದರು. ಅವರ ಕಾರ್ಡಿನ ಡ್ರಾಯರುಗಳು ಹೀಗೆಯೇ ನಾರುತ್ತಿದ್ದವು…

ಕಾಲುವೆಗೆ ನೀರು ಬಿಟ್ಟ ಹೊಸತು ಅದು. ನಾನು ಪಿಯುಸಿ ಮುಗಿಸಿ, ಹುಣಸಗಿ ಕಡೆಯ ನಮ್ಮೂರಲ್ಲಿ ಮನೆಯಲ್ಲೇ ಇದ್ದೆ. ಅಪ್ಪನ ತಮ್ಮ, ನಮ್ಮ ಕಾಕಾ, ಕುರಿ ಸಾಕಿದ್ದ. ಅವನಿಗೆ ಬೇರೆ ಹೊಲವಿರಲಿಲ್ಲ, ಕುರಿಹಟ್ಟಿಯೇ ಎಲ್ಲ. ಆ ವರ್ಷ ಕುರಿಗಳು ಸೊರಗಿ, ಗದ್ದದ ಕೆಳಗೆ ನೀರಿನ ಚೀಲದಂತೆ ಬಾವು ಬಂದು, ಒಂದೊಂದೇ ಸಾಯತೊಡಗಿದವು. ಊರ ಹಿರಿಯರು ಇಂಥ ಬೇನೆ ಕಂಡಿರಲಿಲ್ಲ. ದನದ ದವಾಖಾನೆಯಲ್ಲಿ ಡಾಕ್ಟರರ ಜಾಗ ಖಾಲಿಯಿತ್ತು. ಸೊರಗಿದ ಕುರಿಗೆ ಹಸಿರು ಮೇವೇ ಔಷಧ ಎಂದು ನಮ್ಮ ಒಣ ಸೀಮೆಯವರ ನಂಬಿಕೆ. ಮೊದಲು ಆಗೀಗ ಒಯ್ಯುತ್ತಿದ್ದ ಕಾಲುವೆ ಬದಿಯ ಜವುಗಿಗೆ ಕಾಕಾ ಈಗ ಅವನ್ನು ದಿನವೂ ಹೊಡೆದುಕೊಂಡು ಹೋಗಿ ಎಳೆಹುಲ್ಲು ಮೇಯಿಸಿದ. ತನ್ನಪ್ಪನ ಕುರಿಗಳಿಗೆ ಸಿಗದ ಹುಲ್ಲು ತನ್ನವಕ್ಕೆ ಸಿಕ್ಕಿತಲ್ಲ ಎಂದು ಹಿಗ್ಗುತ್ತಿದ್ದ.

ಸುರಪುರದಲ್ಲಿ ಆಗ ಸಾಹುಕಾರರೊಬ್ಬರು ತಂದೆಯ ಹೆಸರಿನಲ್ಲಿ ಖಾಸಗಿ ಲೈಬ್ರರಿ ಇಟ್ಟಿದ್ದರು. ಕಾಕಾನನ್ನು ನಾನೇ ಕರೆದುಕೊಂಡು ಹೋದೆ. ಅಲ್ಲಿ ಕಪಾಟು ಮುಟ್ಟುವಂತಿರಲಿಲ್ಲ. ಡ್ರಾಯರಿನ ಕಾರ್ಡುಗಳಲ್ಲಿ ವಿಷಯ ಹುಡುಕಿ, ಚೀಟಿ ಬರೆದು ಕೊಟ್ಟರೆ ಸರ್ ಎದ್ದು ಪುಸ್ತಕ ತರುತ್ತಿದ್ದರು. ಎಲ್ಲ ಕಾರ್ಡುಗಳನ್ನೂ ಅವರೇ ಬರೆದದ್ದು. ಅಕ್ಷರ ಮುತ್ತಿನಂತೆ.

“ಸರ, ಕುರಿಗೋಳು ಸಾಯಾಕತ್ತಾವ್ರಿ. ಗದ್ದ ಬಾತಾವ. ಅದರ ಪುಸ್ತಕ ಇದ್ರ ಕೊಡ್ರಿ,” ಎಂದ ಕಾಕಾ.

“ಇದು ಸಂತಿ ಅಲ್ಲೋ ಮಾರಾಯ, ಬಾಯಿಗಿ ಬಂದಂಗ ಕೇಳಾಕ. ವಿಷಯ ಹೇಳು. ನಿನಗ ಬರ್ಲಿಲ್ಲಂದ್ರ ಕುರೀನ ಕರ್ಕೊಂಡು ಬಾ, ಅದಾರ ಹೇಳ್ತದೇನು ಕೇಳೋಣು.”

ಪೇಪರ್ ಓದುತ್ತಿದ್ದವರು ನಕ್ಕರು. ದೊಡ್ಡವರು ನಕ್ಕರೆಂದು ಕಾಕಾನೂ ನಕ್ಕ.

‘ಕುರಿ’ ತೆಗೆದೆ, ತಳಿ, ಉಣ್ಣೆ, ಕಂಬಳಿ ಸಿಕ್ಕವು. ‘ಗಂಟಲು’ ಎಂದರೆ ಮನುಷ್ಯರದು. ‘ಬಾವು’ ಎಂಬ ಕಾರ್ಡೇ ಇರಲಿಲ್ಲ. ಕಾರ್ಡು ಸಿಗದೆ ನಾನು ಊಹಿಸಿ ಬರೆದುಕೊಟ್ಟ ಚೀಟಿಗಳನ್ನೆಲ್ಲ ಸರ್ ಮೇಜಿನ ಮೇಲೆಯೇ ಹಿಂದಕ್ಕೆ ಸರಿಸುತ್ತಿದ್ದರು. ವಾರವಾರ ಹೋದೆವು. ಹೋದಾಗಲೆಲ್ಲ, ಎಷ್ಟು ಉಳಿದಾವೋ ಎಂದು ಕಾಕಾನನ್ನು ಕೇಳುತ್ತಿದ್ದರು, ಯೋಗಕ್ಷೇಮ ವಿಚಾರಿಸಿದ ಹಾಗೆ.

ಕೊನೆಗೆ ಹೆಸರು ಊಹಿಸುವುದು ಬಿಟ್ಟು, ಅಕಾರದಿಂದ ಒಂದೊಂದೇ ಕಾರ್ಡು ತಿರುವುತ್ತ ಬಂದೆ. ‘ಪರೋಪಜೀವಿಗಳು’ ಎಂಬ ತಲೆಬರಹದ ಕೆಳಗೆ ಕುರಿಯ ಪಿತ್ತಜನಕಾಂಗದ ಹುಳುವಿನ ಪುಸ್ತಕವಿತ್ತು. ಸರ್ ಏಳಲೂ ಇಲ್ಲ. ಕುರ್ಚಿಯಲ್ಲೇ ತಿರುಗಿ, ಬೆನ್ನ ಹಿಂದಿನ ಕಪಾಟಿನಿಂದ ತೆಗೆದು ಕೊಟ್ಟರು. ನಾನು ಅಲ್ಲೇ ನಿಂತು ಓದಿ ಹೇಳಿದೆ. ಗದ್ದದ ಬಾವು ಅದರದೇ ಗುರುತು. ಜವುಗಿನ ಬಸವನಹುಳುವಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಹೊಟ್ಟೆಗೆ. ಔಷಧವುಂಟು. ಆದರೆ ಮೊದಲು ಆ ಹುಲ್ಲು ಬಿಡಿಸಬೇಕು.

ಕಾಕಾ ಮೇಜಿನ ಹತ್ತಿರ ಹೋದ.

“ಸರ, ಇದು ನಿಮಗ ಮೊದ್ಲ ಗೊತ್ತಿತ್ತೇನ್ರಿ?”

“ಗೊತ್ತಿತ್ತು. ನೀ ಗದ್ದ ಬಾತದ ಅಂದ ದಿನಾನ. ನೀ ಆ ವಿಷಯ ಕೇಳ್ಲಿಲ್ಲ.”

ಸಿಟ್ಟಿಲ್ಲದೆ, ನಿಯಮ ತಿಳಿಸುವವರ ಹಾಗೆ ಅಂದರು. ಪುಸ್ತಕದ ಹಾಳೆ ಮಡಚಬಾರದೆಂದೂ ಸೇರಿಸಿದರು.

ಶಹಾಪುರದಿಂದ ಔಷಧ ತಂದೆವು. ಉಳಿದಿದ್ದ ನಾಲ್ಕಾರು ಕುರಿಗಳಿಗೆ ಅದು ಹತ್ತಲಿಲ್ಲ. ಕೊನೆಯದು ಸತ್ತಾಗ ಕಾಕಾ, “ನನ್ನ ಕೈಯಾರ ತಿನಿಸೀನಿ,” ಎಂದ, ಅಷ್ಟೇ. ಮುಂದೆ ಕಾಲುವೆ ಕೆಳಗಿನ ಯಾರದೋ ಗದ್ದೆಯಲ್ಲಿ ಕಳೆ ಕೀಳಲು ಕೂಲಿಗೆ ಹೋದ. ಕೆಸರಿನಲ್ಲಿ ನಿಲ್ಲುವುದು ಅವನ ಕಾಲಿಗೆ ಕಡೆತನಕ ಒಗ್ಗಲಿಲ್ಲ…

ಕಾಕಾ ಹೋಗಿ ವರ್ಷಗಳಾದವು. ಸರ್ ಕೂಡ ಹೋದರು. ಸಾಹುಕಾರರ ಮಕ್ಕಳು ಲೈಬ್ರರಿ ಮುಚ್ಚಿ, ಕಾರ್ಡುಗಳನ್ನು ರದ್ದಿಗೆ ತೂಗಿದರಂತೆ. ಅಷ್ಟು ಚಂದದ ಅಕ್ಷರ ಹಾಳಾಯಿತಲ್ಲ ಎಂದು ನೋಯುವ ಮನಸ್ಸು ನನಗೆ ಬರಬೇಕಿತ್ತು. ಇವತ್ತೂ ಬರಲಿಲ್ಲ. ಹಟ್ಟಿಯಿದ್ದ ಜಾಗದಲ್ಲಿ ಈಗ ಜಾಲಿ ಬೆಳೆದಿದೆ.

ರಾತ್ರಿ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ ಉಂಡೆವು. ಅತ್ತೆ ಮೊದಲು ಮಲಗಿದರು, ಆಮೇಲೆ ಮನೆಯವರು.